ಯಾರ ಕೆಲಸ, ಯಾರದಲ್ಲ?

ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಫೋಂಡಾದ ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜನನ್ನು ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅಜ್ಜ ತಿಂಡಿ ಮುಟ್ಟಲಿಲ್ಲ, ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಆಕೆ ಸಕ್ಕರೆ ನೀರು ಕುಡಿಸಿ, ಡಾಕ್ಟರನ್ನು ಕೇಳಿಯೇ ಇನ್ಸುಲಿನ್ ಕೊಡಿ ಎಂದು ಮಗನಿಗೆ ಹೇಳಿದರು. ನಿನ್ನ ಕೆಲಸ ಸ್ನಾನ ಮಾಡಿಸುವುದು, ಡಾಕ್ಟರಿಕೆಯಲ್ಲ ಅಂತ ಮರುದಿನವೇ ಬಿಡಿಸಿದರು.

ಔಷಧಿ ಎಷ್ಟು ಅನ್ನುವುದನ್ನು ಆಯಾ ನಿರ್ಧರಿಸಬಾರದು, ಒಪ್ಪಿದೆವು. ಆದರೆ ಆಕೆ ನಿರ್ಧರಿಸಲಿಲ್ಲವಲ್ಲ, ಕೇಳಿ ಅಂದರು ಅಷ್ಟೇ. ಉಪವಾಸವಿದ್ದವರಿಗೆ ಇನ್ಸುಲಿನ್ ಚುಚ್ಚಿದರೆ ಸಕ್ಕರೆ ಇನ್ನೂ ಇಳಿದು ಪ್ರಜ್ಞೆಯೇ ತಪ್ಪಬಹುದು.

ಗೆರೆ ದಾಟಿದವರಿಗೆ ಶಿಕ್ಷೆ ಎನ್ನುವುದಾದರೆ ನಮ್ಮ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜನ್ನೇ ನೋಡಿ. 2025ರ ಜೂನ್‌ನಲ್ಲಿ ಅಲ್ಲಿನ ತುರ್ತು ವಿಭಾಗದಲ್ಲಿ ಬಿ12 ಇಂಜೆಕ್ಷನ್ ಕೊಡಲಿಲ್ಲವೆಂದು ಆರೋಗ್ಯ ಮಂತ್ರಿ ವಿಶ್ವಜಿತ್ ರಾಣೆ ಕ್ಯಾಮೆರಾ ಎದುರೇ ವೈದ್ಯರೊಬ್ಬರನ್ನು ಗದರಿಸಿ, ಅಮಾನತು ಮಾಡಿ ಎಂದರು. ಯಾವುದು ತುರ್ತು ಎಂದು ಹೇಳುವುದು ಮಂತ್ರಿಯ ಕೆಲಸವೇ? ವೈದ್ಯರು ಪ್ರತಿಭಟಿಸಿದರು. ಅಮಾನತು ಇಲ್ಲವೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹೇಳಿದರು, ರಾಣೆಯವರು ಕ್ಷಮೆಯನ್ನೂ ಕೇಳಿದರು.

ಆ ವೈದ್ಯರ ಬೆನ್ನಿಗೆ ಸಹೋದ್ಯೋಗಿಗಳಿದ್ದರು. ಈ ತಾಯಿಯ ಕೈಯಲ್ಲಿ ಕೆಲಸಕ್ಕಿದ್ದರು ಎನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಬಾಕಿ 11 ದಿನದ ಸಂಬಳ ಕೇಳಲು ಭಾನುವಾರ ನಾವು ಆ ಮನೆಗೆ ಹೋಗುತ್ತಿದ್ದೇವೆ. ಕೊಂಕಣಿ ಚೆನ್ನಾಗಿ ಬರುವವರು ಯಾರಾದರೂ ಜೊತೆಗೆ ಬನ್ನಿ.