ಮುಪ್ಪಿನ ಅಂದಾಜುಪಟ್ಟಿ



ಕಟ್ಟಡದ ಅಂದಾಜುಪಟ್ಟಿಯಲ್ಲಿ ನಿರ್ವಹಣೆಯ ವೆಚ್ಚ ಬಿಡಬೇಡಿ ಎಂದು ಸರ್ಕಾರಿ ಸೇವೆಯಲ್ಲಿದ್ದಾಗ ಕಿರಿಯ ಇಂಜಿನಿಯರುಗಳಿಗೆ ಹೇಳುತ್ತಿದ್ದೆ. ದಿಬ್ಬೂರಹಳ್ಳಿಯಲ್ಲಿ ಒಂಟಿಯಾಗಿ ಉಳಿದ ಹಿರಿಯರನ್ನು ಕಂಡಾಗ ಅದೇ ಮಾತು ನೆನಪಾಗುತ್ತದೆ.

ಇವರ ಆಶ್ರಯ, ಊಟ, ಆರೈಕೆಗೆ ಹಣ ಯಾರದು? ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸಬಲ್ಲದು. ಜಿಲ್ಲೆಗೊಂದು ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕರಿಗೆ ಎಂದೂ ಕಾಯ್ದೆ ಹೇಳುತ್ತದೆ, ಕಡ್ಡಾಯ ಮಾಡಿಲ್ಲ. ಹೆತ್ತ ಮಗನ ಮೇಲೆ ಅರ್ಜಿ ಕೊಡುವ ತಾಯಂದಿರಾದರೂ ಎಷ್ಟು?

ಮಕ್ಕಳಿಗೆ ಪ್ರಸಾದನಿಲಯ ಕಟ್ಟಿದ ಮಠಗಳು ಹಿರಿಯರಿಗೂ ಬಾಗಿಲು ತೆರೆಯಲಿ. ಉಳ್ಳವರು ವೆಚ್ಚ ಕೊಡಲಿ, ಇಲ್ಲದವರಿಗೆ ದಾಸೋಹ ನಡೆಯಲಿ, ಲೆಕ್ಕ ಎಲ್ಲರಿಗೂ ತಿಳಿಯಲಿ. ಜಾತ್ರೆಯ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಮೀಸಲಾದರೆ ಅದೂ ಜಂಗಮ ಸೇವೆಯೇ.