ನಾವೂ ಟೂರ್ ಹೋಗ್ತೀವಿ, ಆದರೆ ಈ ಫೆಬ್ರವರಿಯಲ್ಲಲ್ಲ

ಸ್ವಲ್ಪ ಉದ್ದ ಆಯ್ತು, ಪುರುಸೊತ್ತಿದ್ದಾಗ ಓದಿ.

ನಾವು ನಾಲ್ಕು ಜನ ಸಂಗಾತಿಗಳು 2022ರ ಫೆಬ್ರವರಿಯಲ್ಲಿ ಒಂದು ವಾರ ಶ್ರೀಲಂಕಾಕ್ಕೆ ಹೋಗಿಬರೋದು ಅಂತ 2021ರ ನವೆಂಬರಿನಲ್ಲಿ ನಿಶ್ಚಯ ಮಾಡಿದ್ವಿ. ಸಮಾವೇಶಕ್ಕಲ್ಲ, ಅಧ್ಯಯನಕ್ಕಲ್ಲ, ಬೋಧಿವೃಕ್ಷಕ್ಕೆ ಕೈಮುಗಿಯೋಕೂ ಅಲ್ಲ. ಸುಮ್ಮನೆ ತಿರುಗಾಡೋಕೆ. ಎರಡು ವರ್ಷ ಕೂಡಿಟ್ಟ ನಮ್ಮದೇ ದುಡ್ಡಲ್ಲಿ. ಆದರೆ ಹೋಗಲಿಲ್ಲ.

ಈ ಸುದ್ದಿ ಗುಂಪಿನಲ್ಲಿ ಹಾಕಿದ ಮೇಲೆ ಎರಡು ಥರದ ಮಾತು ಬಂತು. ಒಂದು: "ಒಳ್ಳೇದಾಯ್ತು ಬಿಡು, ಜನ ಅನ್ನಕ್ಕೆ ಒದ್ದಾಡುವಾಗ ಹೋರಾಟಗಾರರಿಗೆ ಫಾರಿನ್ ಟೂರ್ ಯಾಕೆ?" ಇನ್ನೊಂದು: "ಎರಡು ಡೋಸ್ ಆಗಿದೆಯಲ್ಲ, ಒಮಿಕ್ರಾನ್ ಅಂದ್ರೆ ನೆಗಡಿ ಅಷ್ಟೇ, ಇಷ್ಟಕ್ಕೇ ಹೆದರಿಬಿಟ್ರಾ?" ಎರಡೂ ಮಾತು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲನೇದಕ್ಕೆ ಬರೋಣ. ನಮ್ಮ ಕೇರಿಯವರು ಊರು ಬಿಟ್ಟು ಹೊರಗೆ ಹೋಗಿಲ್ವಾ? ಹೋಗಿದ್ದಾರೆ. ಗೋವಾಕ್ಕೆ ಕಟ್ಟಡದ ಕೆಲಸಕ್ಕೆ, ಘಟ್ಟದ ಕೆಳಗೆ ಕೂಲಿಗೆ, ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ, ಹುಬ್ಬಳ್ಳಿಗೆ ಆಸ್ಪತ್ರೆಗೆ. ಸಭೆಗೆ, ಧರಣಿಗೆ, ಕೋರ್ಟಿಗೆ. ಪ್ರತಿ ಪ್ರಯಾಣಕ್ಕೂ ಒಂದು ಕಾರಣ ಕೊಡಬೇಕು. ಕಾರಣ ಇಲ್ಲದೆ, ಬರೀ ಖುಷಿಗೆ ಅಂತ ನಮ್ಮಪ್ಪ ಜೀವಮಾನದಲ್ಲಿ ಒಂದು ಬಸ್ ಟಿಕೆಟ್ ತೆಗೆಸಿದವನಲ್ಲ. ನಮ್ಮ ಚಂದಗುಳಿಗೆ ಘಂಟೆ ಗಣಪತಿಯ ಹರಕೆ ತೀರಿಸೋಕೆ ದೂರದೂರಿಂದ ಕಾರು ಮಾಡಿಕೊಂಡು ಜನ ಬರ್ತಾರೆ, ಹಾಗೇ ಮಾಗೋಡು, ಸಾತೊಡ್ಡಿ ಜಲಪಾತ ನೋಡಿಕೊಂಡು ಹೋಗ್ತಾರೆ. ನಾವು ಹುಟ್ಟಿದಾಗಿಂದ ಪ್ರವಾಸಿಗರನ್ನು ನೋಡಿದ್ದೇವೆ, ಪ್ರವಾಸಿಗರಾಗಿಲ್ಲ. ಬೇರೆಯವರು ಹೋದರೆ ರಜೆ, ನಾವು ಹೋದರೆ ದುಂದುವೆಚ್ಚ. ಈ ಲೆಕ್ಕ ಯಾರು ಕಲಿಸಿದ್ದು?

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಆ ಪುಟ್ಟ ಪುಸ್ತಕದ ತುಂಬ ಇರೋದು ಪ್ರಯಾಣವೇ. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳು ಮಹಾರರು ಅಂತ ಗೊತ್ತಾದ ಕೂಡಲೇ ಗಾಡಿ ಹೊಡೆಯೋಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋದರು. ಆ ಕತೆ ಎಲ್ಲರಿಗೂ ನೆನಪಿದೆ. ಆದರೆ 1934ರ ದೌಲತಾಬಾದ್ ಪ್ರಸಂಗದಲ್ಲಿ ಒಂದು ವಿಷಯ ನಾವು ಗಮನಿಸೋದಿಲ್ಲ. ಅವತ್ತು ಬಾಬಾಸಾಹೇಬರು ಚಳವಳಿಯ ಸುಮಾರು 30 ಜನ ಸಂಗಾತಿಗಳ ಜೊತೆ ಹೊರಟಿದ್ದು ಪ್ರವಾಸಕ್ಕೆ! ವೇರೂಳದ ಗುಹೆ ನೋಡೋಕೆ, ಕೋಟೆ ನೋಡೋಕೆ. ಕೆರೆಯ ನೀರಲ್ಲಿ ಮುಖ ತೊಳೆದಿದ್ದಕ್ಕೆ ಗಲಾಟೆ ಆಯ್ತು, ನೀರು ಮುಟ್ಟದ ಹಾಗೆ ಕಾವಲು ಹಾಕಿ ಕೋಟೆ ತೋರಿಸಿದರು. ಮಹಾಡ್ ಕೆರೆಯ ಹೋರಾಟ, ಪೂನಾ ಒಪ್ಪಂದ ಎಲ್ಲ ಆದ ಮೇಲಿನ ಮಾತು ಇದು. ಅಷ್ಟು ಕೆಲಸದ ಮಧ್ಯೆ ಅವರು ಗುಹೆ ನೋಡೋಕೆ ಹೋದರು. ಹಾಗಾಗಿ ಹೋರಾಟಗಾರರಿಗೆ ತಿರುಗಾಟ ಯಾಕೆ ಅಂತ ನನಗೆ ಪಾಠ ಹೇಳಬೇಡಿ. ನೋಡುವ ಆಸೆಯೂ ಸಮಾನತೆಯ ಒಂದು ಭಾಗ.

ಈಗ ಎರಡನೇ ಮಾತು. ಹೆದರಿದ್ರಾ ಅಂತ ಕೇಳಿದವರಿಗೆ ಆ ಎರಡು ತಿಂಗಳ ಲೆಕ್ಕ ಕೊಡ್ತೀನಿ.

2020ರ ಮಾರ್ಚ್ 23ರಿಂದ ನಮ್ಮ ದೇಶದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಆಗ ಹಾರ್ತಾ ಇದ್ದದ್ದು 'ಏರ್ ಬಬಲ್' ಅಂತ ಕೆಲವು ದೇಶಗಳ ಜೊತೆ ಮಾಡಿಕೊಂಡ ಒಪ್ಪಂದದ ವಿಮಾನಗಳು. 2021ರ ಡಿಸೆಂಬರ್ 15ರಿಂದ ಎಲ್ಲ ಮಾಮೂಲಿ ಆಗುತ್ತೆ ಅಂತ ಸರ್ಕಾರ ನವೆಂಬರ್ 26ಕ್ಕೆ ಹೇಳಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹೊಸ ತಳಿಗೆ ಒಮಿಕ್ರಾನ್ ಅಂತ ಹೆಸರಿಟ್ಟಿತು. ಡಿಸೆಂಬರ್ 1ಕ್ಕೆ ಮಾತು ವಾಪಸ್. ಆಮೇಲೆ 2022ರ ಜನವರಿ 31ರವರೆಗೆ ಬಂದ್ ಅಂತ ಆಯ್ತು. ಡಿಸೆಂಬರ್ 1ರಿಂದ 'ಅಪಾಯದ ದೇಶ'ಗಳ ಪಟ್ಟಿ ಮಾಡಿ, ಅಲ್ಲಿಂದ ಬಂದ ಎಲ್ಲರಿಗೂ ಟೆಸ್ಟು, ಕ್ವಾರಂಟೈನು ಅಂದರು. 2022ರ ಜನವರಿ 11ರಿಂದ ಯಾವ ದೇಶದಿಂದ ಬಂದರೂ ಸರಿ, 7 ದಿನ ಮನೆಯಲ್ಲಿ ಪ್ರತ್ಯೇಕ ಇರಬೇಕು, ಎಂಟನೇ ದಿನ ಟೆಸ್ಟು ಅಂತ ಆಯ್ತು. ಇತ್ತ ಕರ್ನಾಟಕದಲ್ಲಿ 2021ರ ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ ಬಂತು, ಆಮೇಲೆ ವಾರಾಂತ್ಯದ ಕರ್ಫ್ಯೂ ಬೇರೆ. ನಾವು ಪ್ಲಾನ್ ಮಾಡಿದಾಗ ಇದ್ದ ನಿಯಮಗಳು ಆ ಹೊತ್ತಿಗೆ ಹಾಗೇ ಉಳಿದಿರಲಿಲ್ಲ. ಫೆಬ್ರವರಿಗೆ ಹೇಗಿರುತ್ತೋ ಯಾರೂ ಹೇಳುವ ಹಾಗಿರಲಿಲ್ಲ.

ನಿಯಮ ಬದಲಾಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ರೋಗ ಬದಲಾದ ಹಾಗೆ ನಿಯಮವೂ ಬದಲಾಗಬೇಕು. ನನ್ನ ಪ್ರಶ್ನೆ ಬೇರೆ. ಬದಲಾದಾಗ ಅದರ ಭಾರ ಯಾರ ಹೆಗಲಿಗೆ ಬೀಳುತ್ತೆ?

'7 ದಿನ ಮನೆಯಲ್ಲಿ ಪ್ರತ್ಯೇಕ' ಅನ್ನೋ ನಿಯಮ ಬರೆದವರ ಕಣ್ಣೆದುರು ಒಂದು ಮನೆ ಇತ್ತು. ಆ ಮನೆಯಲ್ಲಿ ಬೇರೆ ಕೋಣೆ ಇದೆ, ಕೋಣೆಗೆ ಅಂಟಿಕೊಂಡ ಬಚ್ಚಲಿದೆ, ಬಾಗಿಲಿಗೆ ಊಟ ತಂದಿಡುವವರಿದ್ದಾರೆ, ಮನೆಯಿಂದಲೇ ಮಾಡುವ ಕೆಲಸ ಇದೆ. ನಮ್ಮ ಮನೆಯಲ್ಲಿ ಎರಡು ಕೋಣೆ, ಐದು ಜನ, ಅಂಗಳದಾಚೆ ಒಂದು ನಲ್ಲಿ, ಅದೂ ಮೂರು ಮನೆಗೆ. ಅವ್ವನಿಗೆ ಬಿಪಿ, ಸಕ್ಕರೆ ಎರಡೂ ಇದೆ. ನಾನು ಕೊಲಂಬೋದಿಂದ ಬಂದು ಎಲ್ಲಿ ಪ್ರತ್ಯೇಕ ಇರಲಿ? ಕೊಟ್ಟಿಗೆಯಲ್ಲಾ? ನಾನು ಅಲ್ಲಿ ಕಾಯಿಲೆ ಹಿಡಿಸಿಕೊಂಡರೆ ನನಗೆ ನೆಗಡಿ ಆಗಬಹುದು, ಅವ್ವನಿಗೆ ಏನಾಗುತ್ತೆ ಅಂತ ಪಣ ಕಟ್ಟೋಕೆ ನಾನು ತಯಾರಿಲ್ಲ. 'ಒಮಿಕ್ರಾನ್ ಅಂದ್ರೆ ನೆಗಡಿ' ಅನ್ನೋದು ಒಂಟಿ ಕೋಣೆ ಇರೋರ ಮಾತು.

ದುಡ್ಡಿನ ಲೆಕ್ಕವೂ ಇದೆ. ನಮ್ಮ ನಾಲ್ವರಲ್ಲಿ ಒಬ್ಬ ಬಾಡಿಗೆ ಕಾರಿನ ಡ್ರೈವರ್. ಒಬ್ಬಳು ಅತಿಥಿ ಉಪನ್ಯಾಸಕಿ, ಸೇವಾ ಭದ್ರತೆಗೆ ಅಂತ 2021ರ ಡಿಸೆಂಬರಿನಿಂದ ಮುಷ್ಕರದಲ್ಲಿದ್ದಳು. ಇನ್ನೊಬ್ಬಳು ಗುತ್ತಿಗೆ ನೌಕರಿ, ಹೋದರೆ ಸಂಬಳ ಕಟ್. ಒಂದು ವಾರದ ಪ್ರವಾಸಕ್ಕೆ ಒಂದು ವಾರದ ದುಡಿಮೆ ಬಿಡೋಕೆ ಎಲ್ಲರೂ ತಯಾರಿದ್ವಿ. ಆದರೆ ಬಂದ ಮೇಲೆ ಇನ್ನೊಂದು ವಾರ ಅಂತ ಆಯ್ತು. 2021-22ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. 7 ದಿನ ಮನೆಯಲ್ಲಿ ಕೂತರೆ 2023 ರೂಪಾಯಿ ಹೋಯ್ತು. ಸಂಬಳದ ರಜೆ ಇರೋರಿಗೆ ಅದು 'ವರ್ಕ್ ಫ್ರಮ್ ಹೋಮ್', ಕೂಲಿಯವರಿಗೆ ಅದು ಒಲೆ ಆರಿದ ಹಾಗೆ. ಅಲ್ಲೇ ಪಾಸಿಟಿವ್ ಬಂದರೆ ಹೋಟೆಲ್ ಖರ್ಚು, ಟಿಕೆಟ್ ಬದಲಿಸೋ ಖರ್ಚು ಬೇರೆ. ಬೆಂಗಳೂರಿಂದ ಕೊಲಂಬೋಗೆ ಒಂದೂವರೆ ಗಂಟೆ ವಿಮಾನ ಅಂತ ಖುಷಿಪಟ್ಟಿದ್ವಿ. ಯಲ್ಲಾಪುರದಿಂದ ಬೆಂಗಳೂರಿಗೇ ರಾತ್ರಿ ಇಡೀ ಬಸ್ಸು!

ಇನ್ನು, ನಾನು ಮನೆಯಲ್ಲಿದ್ದೀನೋ ಇಲ್ವೋ ಅಂತ ನೋಡೋಕೆ ಬರಬೇಕಿದ್ದದ್ದು ಯಾರು? ಆಶಾ ಕಾರ್ಯಕರ್ತೆ. ತಿಂಗಳಿಗೆ 12,000 ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ರಾಜ್ಯದ 40 ಸಾವಿರಕ್ಕೂ ಹೆಚ್ಚು ಆಶಾಗಳು ಕೆಲಸ ನಿಲ್ಲಿಸಿ ಕೂತಿದ್ದರಲ್ಲ, ಅದೇ ಅಕ್ಕಂದಿರು. ನನ್ನ ರಜೆಯ ಕೊನೆಯ ಕಂತನ್ನು ಅವಳು ಬಿಸಿಲಲ್ಲಿ ನಡೆದು ಕಟ್ಟಬೇಕಿತ್ತು.

ಆ ಎರಡು ವರ್ಷ ಪ್ರಯಾಣದ ನಿಯಮಗಳು ಯಾರನ್ನು ಹೇಗೆ ನೋಡಿದವು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. 2020ರ ಮೇ 7ರಿಂದ ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರೋಕೆ 'ವಂದೇ ಭಾರತ್' ವಿಮಾನ ಹಾರಿದವು. ಕರೆತಂದಿದ್ದು ಸರಿಯೇ. ಅದೇ ವಾರ ನಮ್ಮ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ವಲಸೆ ಕಾರ್ಮಿಕರ ರೈಲುಗಳೇ ಬೇಡ ಅಂತ ಪತ್ರ ಬರೆಯಿತು. ದೇಶ ಎಲ್ಲ ಉಗಿದ ಮೇಲೆ ಮತ್ತೆ ರೈಲು ಬಿಟ್ಟರು. ತಲಪಾಡಿ ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸತ್ತರು. ಕೇರಳ ಹೈಕೋರ್ಟ್ ಮಧ್ಯೆ ಬರಬೇಕಾಯ್ತು. ನಮ್ಮ ಜಿಲ್ಲೆಯ ಮೊದಲ ಕೇಸುಗಳು ಭಟ್ಕಳದಲ್ಲಿ, ದುಬೈಯಿಂದ ಬಂದವರಲ್ಲಿ ಕಂಡವು ಅನ್ನೋ ಕಾರಣಕ್ಕೆ ಭಟ್ಕಳ ಅನ್ನೋ ಹೆಸರೇ ರೋಗದ ಹೆಸರಾಯ್ತು. ಗಲ್ಫಿನಲ್ಲಿ ಬೆವರು ಸುರಿಸಿ ದುಡಿದು ಬಂದವರು ಅವರು. 'ಮುಟ್ಟಬೇಡ, ಹತ್ತಿರ ಬರಬೇಡ' ಅನ್ನೋದು ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಾವು ಮೊದಲಿಂದ ಹೇಳ್ತಾ ಬಂದಿದ್ದು, 'ಸಾಮಾಜಿಕ ಅಂತರ' ಅನ್ನಬೇಡಿ, 'ದೈಹಿಕ ಅಂತರ' ಅನ್ನಿ ಅಂತ.

ಆಮೇಲೆ ಒಮಿಕ್ರಾನ್‌ದೂ ಅದೇ ಕತೆ. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಪ್ರಾಮಾಣಿಕವಾಗಿ ಜಗತ್ತಿಗೆ ಹೇಳಿದರು. ಹೇಳಿದ್ದಕ್ಕೆ ಸಿಕ್ಕ ಬಹುಮಾನ, ಆಫ್ರಿಕಾದ ದಕ್ಷಿಣದ ದೇಶಗಳಿಂದ ವಿಮಾನ ಬಂದ್. ಇದನ್ನು ಪ್ರಯಾಣದ ವರ್ಣಭೇದ ಅಂತ ವಿಶ್ವಸಂಸ್ಥೆಯ ಮುಖ್ಯಸ್ಥ ಗುಟೆರಸ್ ಅವರೇ ಕರೆದರು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ನಮ್ಮ ರಾಜ್ಯದಲ್ಲೇ ಅಂತ ಗೊತ್ತಾಯ್ತು. ಅದರಲ್ಲಿ ಒಬ್ಬರು ವಿದೇಶಕ್ಕೆ ಹೋಗದ ಬೆಂಗಳೂರಿನ ವೈದ್ಯರು. ಅಂದರೆ ರೋಗ ಆಗಲೇ ಒಳಗಿತ್ತು, ಬೈಗುಳ ಮಾತ್ರ ಹೊರಗಿನವರಿಗೆ. ನಮ್ಮ ಯಲ್ಲಾಪುರದ ಸಿದ್ದಿ ಬಂಧುಗಳು ಶತಮಾನಗಳಿಂದ ಇಲ್ಲೇ ಇದ್ದರೂ ಪೇಟೆಗೆ ಹೋದರೆ 'ಯಾವ ದೇಶ' ಅಂತ ಕೇಳಿಸಿಕೊಳ್ತಾರೆ. ಅವರ ಹಿರಿಯರು ಸಮುದ್ರ ದಾಟಿದ್ದು ವೀಸಾ ಪಡೆದು ಅಲ್ಲ, ಗುಲಾಮರಾಗಿ. 2022ರ ಜನವರಿಯಲ್ಲಿ ಎಲ್ಲರ ಬಾಯಲ್ಲೂ ಜೊಕೊವಿಚ್ ವೀಸಾದ್ದೇ ಸುದ್ದಿ ಇತ್ತು. ಮೆಲ್ಬರ್ನ್‌ನಲ್ಲಿ ಅವರನ್ನು ಇಟ್ಟಿದ್ದ ಹೋಟೆಲಿನಲ್ಲೇ ಆಶ್ರಯ ಬೇಡಿ ಬಂದ ನಿರಾಶ್ರಿತರನ್ನೂ ಕೂಡಿಹಾಕಿದ್ದರು, ಕೆಲವರನ್ನು ಬಂಧನದಲ್ಲಿಟ್ಟು ವರ್ಷಗಳೇ ಆಗಿದ್ದವು. ಟೆನಿಸ್ ಆಟಗಾರ ಬರದೇ ಇದ್ದಿದ್ದರೆ ಅವರು ಅಲ್ಲಿದ್ದಾರೆ ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ.

ಒಂದು ಎದುರು ವಾದ ಇದೆ, ಅದು ತಳ್ಳಿಹಾಕುವಂಥದ್ದಲ್ಲ. ಶ್ರೀಲಂಕಾದ ಆಟೋದವರು, ಹೋಟೆಲ್ ಹುಡುಗರು, ಗೈಡ್‌ಗಳು 2019ರ ಈಸ್ಟರ್ ಬಾಂಬ್ ದಾಳಿಯಿಂದ ಪೆಟ್ಟು ತಿಂದವರು, ಅದರ ಮೇಲೆ ಕೊರೊನಾ. ಎರಡು ಡೋಸ್ ಆದವರು ಬನ್ನಿ ಅಂತ ಆ ದೇಶ ಬಾಗಿಲು ತೆರೆದಿತ್ತು. ನಾವು ಹೋಗದೇ ಇದ್ದರೆ ಅಲ್ಲಿಯ ಬಡವನ ಹೊಟ್ಟೆಗೇ ಹೊಡೆತ. ಇದು ನಿಜ. ಲಾಕ್‌ಡೌನ್‌ನಲ್ಲಿ ನಮ್ಮ ಕಡೆಯ ಜಲಪಾತಗಳ ಹತ್ತಿರ ಚಹಾ, ಜೋಳ ಮಾರೋರು ಏನು ಅನುಭವಿಸಿದರು ಅಂತ ನಾವು ನೋಡಿದ್ದೇವೆ. ಸಡಿಲ ಆದ ಕೂಡಲೇ ಮಾಸ್ಕ್ ಇಲ್ಲದ ಕಾರುಗಳು ನುಗ್ಗಿದಾಗ ಅದೇ ಜನ ಎಷ್ಟು ಹೆದರಿದರು ಅಂತಲೂ ನೋಡಿದ್ದೇವೆ. ಅವರಿಗೆ ಗಿರಾಕಿಯೂ ಬೇಕು, ಜೀವವೂ ಬೇಕು. ಅದಕ್ಕೇ ನಾನು ಪ್ರವಾಸವನ್ನು ರದ್ದು ಮಾಡಿಲ್ಲ, ಮುಂದೂಡಿದ್ದೇನೆ. ಅಲೆ ಏರ್ತಾ ಇರುವಾಗ ಹೋಗಿ ಅವರಿಗೂ ಹಂಚಿ, ಇಲ್ಲಿಗೂ ತರೋದಕ್ಕಿಂತ, ಇಳಿದ ಮೇಲೆ ಹೋಗಿ ನಾಲ್ಕು ದಿನ ಜಾಸ್ತಿ ಇದ್ದು ಬರೋದು ಒಳ್ಳೇದು.

ಇದೇ ಗೊಂದಲದಲ್ಲಿರೋ ಕೆಲವರು ಕೇಳಿದ್ದೀರಿ. ಹೋಗಿ, ಬೇಡ ಅಂತ ನಾನು ಫತ್ವಾ ಹೊರಡಿಸೋದಿಲ್ಲ. ನಾವು ನಮಗೇ ಕೇಳಿಕೊಂಡ ಪ್ರಶ್ನೆ ಇವು:

1. ಹೋಗುವಾಗಿನ ನಿಯಮ ಅಲ್ಲ, ಬರುವಾಗಿನ ನಿಯಮ ಇನ್ನೂ ಕಠಿಣ ಆದರೆ ತಡೆದುಕೊಳ್ಳೋ ದುಡ್ಡು, ರಜೆ ಇದೆಯಾ? 2021ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಭಾರತದಿಂದ ಬರೋ ತನ್ನದೇ ಪ್ರಜೆಗಳಿಗೆ ಜೈಲು ಅಂತ ಹೆದರಿಸಿತ್ತು. ಸ್ವಂತ ದೇಶದ ಬಾಗಿಲೂ ಮುಚ್ಚಬಹುದು.

2. ಬಂದ ಮೇಲೆ ಪ್ರತ್ಯೇಕ ಇರೋಕೆ ಜಾಗ ಇದೆಯಾ? ಇಲ್ಲ ಅಂದರೆ ಅಪಾಯ ನಿಮ್ಮದಲ್ಲ, ಮನೆಯ ಹಿರಿಯರದು.

3. ನೀವು ಹಾಕಿಸಿಕೊಂಡ ಲಸಿಕೆ ಆ ದೇಶ ಒಪ್ಪುತ್ತಾ? ನಮ್ಮ ಆರೋಗ್ಯ ಕೇಂದ್ರದಲ್ಲಿ ಅವತ್ತು ಯಾವುದು ಇತ್ತೋ ಅದು ಚುಚ್ಚಿದರು, ಆರಿಸೋ ಅವಕಾಶ ನಮಗಿರಲಿಲ್ಲ. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದೇ 2021ರ ನವೆಂಬರ್ 3ಕ್ಕೆ.

4. ಜೊತೆಗೆ ಬರೋರಲ್ಲಿ ಎಲ್ಲರಿಗಿಂತ ಬಡವರು ಯಾರು? ಅವರು ತಾಳಿಕೊಳ್ಳಬಲ್ಲರಾ ಅಂತ ನೋಡಿ ತೀರ್ಮಾನಿಸಿ. ನಮ್ಮಲ್ಲಿ ಮೂವರು ಹೇಗೋ ಸಾಲ ಮಾಡಿ ಹೋಗಬಹುದಿತ್ತು. ನಾಲ್ಕನೆಯವನನ್ನು ಬಿಟ್ಟು ಹೋಗೋದು ಬೇಡ ಅನ್ನಿಸಿತು.

ಸರ್ಕಾರಕ್ಕೂ ನಮ್ಮ ಬೇಡಿಕೆ ಇದೆ. ಮನೆಯಲ್ಲಿ ಜಾಗ ಇಲ್ಲದವರಿಗೆ ತಾಲ್ಲೂಕಿಗೊಂದು ಉಚಿತ ಕ್ವಾರಂಟೈನ್ ಜಾಗ ಮಾಡಿ. ಅದು ವಿಮಾನದಲ್ಲಿ ಬಂದವರಿಗೂ, ಗೋವಾ ಬಸ್ಸಿನಲ್ಲಿ ಬಂದವರಿಗೂ ಒಂದೇ ಇರಲಿ. ಪ್ರತ್ಯೇಕ ಕೂತ ದಿನಗಳ ಕೂಲಿ ತುಂಬಿಕೊಡಿ. ನಿಯಮ ಬದಲಿಸುವಾಗ, ಆಗಲೇ ಹೊರಟು ದಾರಿಯಲ್ಲಿರೋರಿಗೆ ಹಳೇ ನಿಯಮವೇ ಇರಲಿ, ಅಥವಾ ಖರ್ಚು ನೀವು ಕೊಡಿ. ಮತ್ತೆ, ನಿಯಮ ಬರೆಯೋ ಮೊದಲು ಒಂದು ಸಲ ಕೇರಿಯ ಮನೆ ನೋಡಿಕೊಂಡು ಹೋಗಿ.

ಸಂಗಾತಿಗಳಿಗೆ ಕೊನೆಯದಾಗಿ ಒಂದು ಮಾತು. ನಮ್ಮ ಹುಡುಗ ಹುಡುಗಿಯರು ನಾಳೆ ತಾವೇ ದುಡಿದ ದುಡ್ಡಲ್ಲಿ ಬ್ಯಾಂಕಾಕ್ ಬೀಚಿನಲ್ಲೋ, ಕೊಲಂಬೋ ರಸ್ತೆಯಲ್ಲೋ ನಿಂತು ಫೋಟೋ ಹಾಕಿದರೆ 'ಸಮಾಜ ಮರೆತರು' ಅಂತ ಕಾಮೆಂಟ್ ಹಾಕಬೇಡಿ. ಒಂದು ಹಾರ್ಟ್ ಒತ್ತಿ. ಪಾಸ್‌ಪೋರ್ಟ್ ಇಲ್ಲದವರು ಮಾಡಿಸಿ ಇಟ್ಟುಕೊಳ್ಳಿ, ಫಾರ್ಮ್ ತುಂಬೋಕೆ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ. ನಮ್ಮ ನಾಲ್ಕು ಜನರ ದುಡ್ಡು ಖಾತೆಯಲ್ಲೇ ಇದೆ. ಹೋಗೇ ಹೋಗ್ತೀವಿ.

60 ದಾಟಿ ಬೇರೆ ಕಾಯಿಲೆ ಇದ್ದ ಹಿರಿಯರಿಗೆ, ಎರಡನೇ ಡೋಸ್ ಆಗಿ 9 ತಿಂಗಳಾಗಿದ್ದರೆ, 2022ರ ಜನವರಿ 10ರಿಂದ ಮೂರನೇ ಡೋಸ್ ಶುರುವಾಗಿತ್ತು.

ಜೈಭೀಮ್.