ಬೆಳಕಿನ ಕಡಿವಾಣ ಯಾರ ಕೈಯಲ್ಲಿ?

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಅಂದಿನಿಂದ ಬೆಳಕು ಗುಂಡಿಯ ಅಧೀನವಾಯಿತು. ಇಂದು ದೊಡ್ಡಬಳ್ಳಾಪುರದ ಹೊಸ ಮನೆಗಳಲ್ಲಿ ಚಾವಣಿಯ ಅಂಚಿಗೂ ದೇವರಮನೆಯ ಬಾಗಿಲಿಗೂ ಎಲ್‌ಇಡಿ ಪಟ್ಟಿಗಳು ಅಂಟಿಕೊಂಡಿರುತ್ತವೆ. ಗುಂಡಿಯನ್ನೂ ಮುಟ್ಟದೆ ಮೊಬೈಲಿನಿಂದಲೇ ಅವುಗಳ ಬಣ್ಣ ಬದಲಾಗುತ್ತದೆ. ಸೌಕರ್ಯವೇನೋ ದೊಡ್ಡದೇ. ಆದರೆ ಆ ಬೆಳಕನ್ನು ಆಳುವ ಪುಟ್ಟ ಪೆಟ್ಟಿಗೆಯೊಳಗೆ ಏನಿದೆಯೆಂದು ಮನೆಯ ಮಗು ಕೇಳಿದರೆ ಉತ್ತರಿಸಬಲ್ಲವರಾರು? ಅದನ್ನು ಕೊಳ್ಳುವುದಕ್ಕಿಂತ ಕೈಯಾರೆ ಮಾಡಿ ಅರಿಯುವುದೇ ವಿದ್ಯಾರ್ಥಿಗೆ ಲೇಸು.

ನೇಕಾರರ ಊರಿನ ಮಕ್ಕಳಿಗೆ ಇದರ ತತ್ತ್ವ ಹೊಸದಲ್ಲ. ಫ್ರಾನ್ಸಿನ ಜಕಾರ್ಡನು 1804ರ ವೇಳೆಗೆ ರೂಪಿಸಿದ ಯಂತ್ರದ ತೂತುರಟ್ಟುಗಳನ್ನು ಅವರು ಮಗ್ಗದ ಮೇಲೆ ಕಂಡವರೇ. ರಟ್ಟಿನಲ್ಲಿ ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ‘ಉಂಟು’, ‘ಇಲ್ಲ’ ಎಂಬ ಎರಡೇ ಮಾತುಗಳಿಂದ ಸೀರೆಯ ಸೆರಗಿನಲ್ಲಿ ನವಿಲು ಮೂಡುತ್ತದೆ. ದೀಪಪಟ್ಟಿಯ ನಿಯಂತ್ರಕವೂ ಆಡುವುದು ಈ ಎರಡೇ ಮಾತುಗಳನ್ನು. ಅದು ಒಂದು ಕ್ಷಣದಲ್ಲಿ ನೂರಾರು ಬಾರಿ ದೀಪವನ್ನು ಹೊತ್ತಿಸಿ ಆರಿಸುತ್ತದೆ. ಹೊತ್ತಿರುವ ಕಾಲ ಕಡಿಮೆಯಾದಂತೆ ಕಣ್ಣಿಗೆ ಬೆಳಕು ಮಂದವಾಗಿ ತೋರುತ್ತದೆ. ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಕೊಡಬಲ್ಲ ಪಟ್ಟಿಗಳೂ ಉಂಟು. ಪಂಕ್ತಿಯಲ್ಲಿ ಕುಳಿತವರು ಬಾಳೆಲೆಯ ಕಟ್ಟಿನಿಂದ ತಮ್ಮದೊಂದು ಎಲೆಯನ್ನಿಟ್ಟುಕೊಂಡು ಉಳಿದುದನ್ನು ಪಕ್ಕದವರಿಗೆ ಸಾಗಿಸುವಂತೆ, ಅವುಗಳಲ್ಲಿ ಪ್ರತಿಯೊಂದು ದೀಪವೂ ತನ್ನ ಪಾಲಿನ ಆಜ್ಞೆಯನ್ನು ಹಿಡಿದು ಮಿಕ್ಕುದನ್ನು ಮುಂದಕ್ಕೆ ಕಳುಹಿಸುತ್ತದೆ. ಕೆಂಪು, ಹಸಿರು, ನೀಲಿಗಳಿಗೆ 256 ಮಟ್ಟಗಳಂತೆ ಒಟ್ಟು 1,67,77,216 ಬಣ್ಣಗಳು ಸಾಧ್ಯ.

‘ಅಗ್ಗವಾಗಿ ಸಿದ್ಧವಸ್ತು ದೊರೆಯುವಾಗ ಈ ಶ್ರಮವೇಕೆ? ಪರೀಕ್ಷೆಯಲ್ಲಿ ಇದಕ್ಕೆ ಅಂಕವುಂಟೆ?’ ಎಂದು ಪೋಷಕರು ಕೇಳುವುದು ಸಹಜ. ಆದರೆ ಸಿದ್ಧಪೆಟ್ಟಿಗೆಗಳಲ್ಲಿ ಹಲವು ದೂರದೇಶದ ಕಂಪನಿಯ ಗಣಕಯಂತ್ರವನ್ನು ಕೇಳಿಯೇ ನಡೆಯತಕ್ಕವು. ಆ ಕಂಪನಿ ಕದ ಮುಚ್ಚಿದರೆ, ಮೊಬೈಲಿನ ಆಜ್ಞೆಗೆ ಮನೆಯ ದೀಪವೂ ಕಿವುಡಾದೀತು. ಮಕ್ಕಳು ತಾವೇ ಕಟ್ಟಿದ ನಿಯಂತ್ರಕವಾದರೋ ಮನೆಯ ವೈಫೈ ವ್ಯಾಪ್ತಿಯಲ್ಲೇ ಕೆಲಸ ಮಾಡಬಲ್ಲುದು. ಕೆಟ್ಟರೆ ಕಟ್ಟಿದ ಕೈಯೇ ಅದನ್ನು ಸರಿಪಡಿಸೀತು. 2016ರಲ್ಲಿ ಬಂದ ಇಎಸ್‌ಪಿ32 ಎಂಬ ಬಿಲ್ಲೆಯನ್ನುಳ್ಳ ಫಲಕವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗಳಿಗೆ ಲಭ್ಯ. ಪಟ್ಟಿಗಳು ಸಾಮಾನ್ಯವಾಗಿ 5 ಅಥವಾ 12 ವೋಲ್ಟಿನವಾದ್ದರಿಂದ ವಿದ್ಯಾರ್ಥಿಯ ಕೈಗೆ ತಕ್ಕವು. 230 ವೋಲ್ಟನ್ನು ಇಳಿಸುವ ಅಡಾಪ್ಟರನ್ನು ಮಾತ್ರ ಯಾರೂ ಬಿಚ್ಚಕೂಡದು. ಫ್ಯೂಸು, ತಕ್ಕ ದಪ್ಪದ ತಂತಿ, ಉಪಾಧ್ಯಾಯರ ಕಣ್ಣು, ಈ ಮೂರೂ ಕಡ್ಡಾಯ.

ಶಾಲೆಗೆ ಉಪಕರಣ ನೀಡುವ ದಾನಿಗಳು ಬೀಗಮುದ್ರೆಯ ಪೆಟ್ಟಿಗೆಗಳಿಗೆ ಬದಲಾಗಿ ಬಿಡಿಭಾಗಗಳನ್ನೂ ಬೆಸುಗೆಯ ಕಡ್ಡಿಗಳನ್ನೂ ಒದಗಿಸಲಿ. ವಿಜ್ಞಾನದ ಉಪಾಧ್ಯಾಯರು ಶನಿವಾರದ ಒಂದು ಗಂಟೆಯನ್ನು ಮೀಸಲಿಡಲಿ. ಕನ್ನಡದ ಉಪಾಧ್ಯಾಯರೂ ದೂರ ನಿಲ್ಲದೆ, ಮಕ್ಕಳು ತಾವು ಮಾಡಿದುದನ್ನು ತಿಳಿಗನ್ನಡದಲ್ಲಿ ಬರೆದು ಒಪ್ಪಿಸುವಂತೆ ಮಾಡಲಿ. ತಾಯ್ನುಡಿಯಲ್ಲಿ ಹೇಳಲಾಗದ ವಿದ್ಯೆ ಇನ್ನೂ ಅರೆಬೆಂದುದೇ ಸರಿ. ಹೊಳೆಯುವ ಪಟ್ಟಿಯನ್ನು ಹಣವುಳ್ಳ ಯಾರಾದರೂ ತರಬಹುದು. ಅದು ಏಕೆ ಹೊಳೆಯುತ್ತದೆಂದು ಬಲ್ಲ ಮಗುವನ್ನು ಮಾತ್ರ ಶಾಲೆಯೇ ಬೆಳೆಸಬೇಕು.